ಪುಟ್ಟಸಿದ್ದಮ್ಮ ಹಾಡಿಕೊಟ್ಟ ನೂರು ಹೆಸರು

ಮಿರ್ಲೆಯ ಸುತ್ತಮುತ್ತ ಹೆಣ್ಣು ಒಪ್ಪಿಸುವ ಪದವನ್ನು ಪುಟ್ಟಸಿದ್ದಮ್ಮನೇ ಹೇಳಬೇಕು ಎಂದು ಬೀಗರನ್ನೂ ಕಾಯಿಸುತ್ತಿದ್ದ ಕಾಲವೊಂದಿತ್ತು. ಧಾರೆ ಮುಗಿದು, ಊಟ ಮುಗಿದು, ಗಂಡಿನ ಕಡೆಯವರು ಟೆಂಪೋ ಹತ್ತುವ ಹೊತ್ತಿಗೆ ಅವಳು ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಸೊಲ್ಲು ಹಿಡಿದು ಹಿಂದಿನಿಂದ ದನಿಗೂಡಿಸಲು ಪಕ್ಕದಲ್ಲಿ ಮರಮ್ಮ. ಪದ ಬೇರೆಯವರದಲ್ಲ, ನಾಟಿ ಗದ್ದೆಯ ಕೆಸರಲ್ಲಿ ಪೈರು ಊರುತ್ತ ಪುಟ್ಟಸಿದ್ದಮ್ಮನೇ ಕಟ್ಟಿದ್ದು.

ಬೂದಿ ಮುಚ್ಚಿದ ಕೆಂಡವ ಬೆಳಗಾಗ ಊದೋಳು
ನಿಂಗವ್ವ ನಿಮ್ಮೋಳು, ಇನ್ನು ನಮ್ಮೋಳಲ್ಲ

ಮದುವಣಗಿತ್ತಿ ನಿಂಗಮ್ಮನಾದರೆ ನಿಂಗವ್ವ, ಗೌರಮ್ಮನಾದರೆ ಗೌರವ್ವ. ಆ ಜಾಗದಲ್ಲಿ ಹೆಸರು ಬಿತ್ತೆಂದರೆ ಹೆಣ್ಣು ತವರಿನಿಂದ ಕಳಚಿಕೊಂಡಳು ಎಂದೇ ಅರ್ಥ. ಆಮೇಲೆ ಅವಳು ಬಂದರೂ ನೆಂಟಳು. ಅದಕ್ಕೇ ಒಂದು ಹೆಣ್ಣಿನ ಹೆಸರು ಆ ಸಾಲಿನಲ್ಲಿ ಜನ್ಮಕ್ಕೊಂದೇ ಸಲ ಬೀಳಬೇಕು. ಗದ್ದೆಯಲ್ಲಿ ಹಾಡುವಾಗಲೂ ಹೆಂಗಸರು ಆ ಜಾಗಕ್ಕೆ ಬಂದರೆ ತುಟಿ ಮುಚ್ಚಿ, ಮೂಗಿನಲ್ಲೇ ರಾಗ ಎಳೆದು ದಾಟಿಬಿಡುತ್ತಿದ್ದರು.

ಪದಕ್ಕೆ ಇಷ್ಟು ಕೊಡಿ ಎಂದು ಬಾಯಿಬಿಟ್ಟು ಕೇಳುವುದೆಂದರೆ ಪುಟ್ಟಸಿದ್ದಮ್ಮನಿಗೆ ಸಂತೆಯಲ್ಲಿ ಸೀರೆ ಬಿಚ್ಚಿದಷ್ಟು ನಾಚಿಕೆ. ಮನೆಯವರು ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಕಣ ಇಟ್ಟು, ಮೇಲೊಂದಿಷ್ಟು ದುಡ್ಡಿಟ್ಟು ಕೊಡುತ್ತಿದ್ದರು. ಮೊರ ಮುಟ್ಟಿದ ಮೇಲೆ ಹೆಚ್ಚಾಯಿತು ಕಡಿಮೆಯಾಯಿತು ಎನ್ನುವಂತಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳು ಪ್ರಮೀಳಾಳನ್ನು ಸ್ಕೂಲಿಗೆ ಕಳಿಸಿದ್ದು ಆ ಮೊರಗಳೇ.

ಈ ಮೊರದ ಸಂಗತಿಯನ್ನು ಮೈಸೂರಿನ ಕ್ಯಾಸೆಟ್ ಕಂಪನಿಯ ವೀರಭದ್ರಸ್ವಾಮಿಗೆ ಹೇಳಿಕೊಟ್ಟವನು ಲಿಂಗಣ್ಣ. ಕೆ.ಆರ್. ನಗರದಲ್ಲಿ ಮೈಕ್‌ಸೆಟ್ ಇಟ್ಟುಕೊಂಡು ನಾಲ್ಕು ತಾಲ್ಲೂಕಿನ ಮದುವೆ ನೋಡಿದವನು. "ಅವ್ವಯ್ಯ ರೇಟು ಕೇಳಾಕಿಲ್ಲ ಸಾ. ಒಂದು ಮೊರ ತುಂಬಿಸಿ ಮಡಗಿ, ಸಾಕು," ಎಂದು ಹೇಳಿ, ತನ್ನ ಪಾಲಿನ ಸಾವಿರ ರೂಪಾಯಿಯನ್ನು ಮೊದಲೇ ಎಣಿಸಿಕೊಂಡು, ತೊಂಬತ್ತೇಳನೇ ಇಸವಿಯ ಆಷಾಢದಲ್ಲಿ ಇಬ್ಬರು ಹೆಂಗಸರನ್ನೂ ಬಸ್ಸು ಹತ್ತಿಸಿಕೊಂಡು ಹೋದ.

ರೆಕಾರ್ಡಿಂಗ್ ರೂಮು ಗಾಳಿಯಾಡದ ಗೂಡು. ಏಳು ಪದ ಸಲೀಸಾಗಿ ಮುಗಿದವು. ಎಂಟನೆಯದು ಒಪ್ಪಿಸುವ ಪದ. ಹೆಸರಿನ ಜಾಗಕ್ಕೆ ಬಂದಾಗ ಪುಟ್ಟಸಿದ್ದಮ್ಮ ಮೂಗಿನಲ್ಲಿ ಎಳೆದಳು. ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ನಿಲ್ಲಿಸಿದ.

"ಅಲ್ಲೇನಮ್ಮ ಗೊಣಗ್ತೀಯ? ಮಾತು ಬರಲಿ."

"ಅಲ್ಲಿ ಮದುವಣಗಿತ್ತಿ ಹೆಸರು ಬರ್ಬೇಕು ಕಣಪ್ಪ. ಇಲ್ಲಿ ಯಾರ ಮದ್ವೆ ಐತೆ?"

"ಯಾವುದಾದ್ರೂ ಒಂದು ಹೆಸರು ಹಾಕಮ್ಮ. ರೂಮಿನ ಬಾಡಿಗೆ ಓಡ್ತಾ ಇದೆ."

ಮರಮ್ಮ ಪಿಸುಗುಟ್ಟಿದಳು. "ಬ್ಯಾಡ ಕಣಕ್ಕ. ಎದ್ದೋಗಾನ ನಡಿ."

ಪುಟ್ಟಸಿದ್ದಮ್ಮ ಯೋಚಿಸಿದಳು. ಕಂಡವರ ಮನೆಯ ಹೆಣ್ಣುಮಗಳ ಹೆಸರೆತ್ತಿದರೆ ಪಾಪ ಸುತ್ತಿಕೊಳ್ಳುತ್ತದೆ. ಎತ್ತಲೇಬೇಕೆಂದರೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದರ ಹೆಸರೇ ಆಗಲಿ, ಬಂದದ್ದು ತನ್ನ ಮನೆಗೇ ಬರಲಿ. ಕಣ್ಣು ಮುಚ್ಚಿ, 'ಪ್ರಮೀಳಾ ನಿಮ್ಮೋಳು, ಇನ್ನು ನಮ್ಮೋಳಲ್ಲ' ಎಂದು ಹಾಡಿಬಿಟ್ಟಳು. ಪ್ರಮೀಳಾಗೆ ಆಗ ಹನ್ನೊಂದು ವರ್ಷ.

ಹೊರಗೆ ಬಂದರೆ ಮೊರ ಸಿದ್ಧವಾಗಿತ್ತು. ಅಕ್ಕಿ, ಕಾಯಿ, ಒಂದು ಪಾಲಿಯೆಸ್ಟರ್ ಸೀರೆ, ಐನೂರಾ ಒಂದು ರೂಪಾಯಿ. ಮೊರದ ಪಕ್ಕದಲ್ಲಿ ಒಂದು ಕಾಗದ. ಹಾಡು, ಧಾಟಿ, ದನಿ ಎಲ್ಲವನ್ನೂ ಈಗಿರುವ ಮತ್ತು ಇನ್ನು ಮುಂದೆ ಬರುವ ಯಾವುದೇ ಯಂತ್ರದಲ್ಲಿ ಬಳಸುವ ಪೂರಾ ಹಕ್ಕು ಕಂಪನಿಯದು ಎಂದು ಅದರಲ್ಲಿ ಬರೆದಿತ್ತು. ಯಾರೂ ಓದಿ ಹೇಳಲಿಲ್ಲ. ಮೊರ ಮುಟ್ಟಿದ ಕೈಯ ಹೆಬ್ಬೆಟ್ಟನ್ನೇ ಹಿಡಿದು ಲಿಂಗಣ್ಣ ಮಸಿಗೆ ಅದ್ದಿದ.

ಕ್ಯಾಸೆಟ್ಟು ಹೊಸ ಅಕ್ಕಿಯ ಹಾಗೆ ಹೋಯಿತು. ಹೊದಿಕೆಯ ಮೇಲೆ ಮಲ್ಲಿಗೆ ಮುಡಿದ ಯಾರೋ ಚೆಂದದ ಹುಡುಗಿಯ ಪಟ. ಹಾಡಿದವರ ಹೆಸರಿನ ಜಾಗದಲ್ಲಿ 'ಮತ್ತು ಸಂಗಡಿಗರು' ಎಂದಷ್ಟೇ ಇತ್ತು. ಯಾರ ಸಂಗಡಿಗರು ಎಂದು ಕೇಳುವವರಿರಲಿಲ್ಲ. ಮುಂದಿನ ಲಗ್ನಗಳ ಹೊತ್ತಿಗೆ ಲಿಂಗಣ್ಣನ ಮೈಕು ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಪುಟ್ಟಸಿದ್ದಮ್ಮನ ಗಂಟಲನ್ನೇ ಊದುತ್ತಿತ್ತು. ಮಷೀನು ಇರುವಾಗ ಮೊರ ಯಾಕೆ ತುಂಬಬೇಕು? ಜನ ಕರೆಯುವುದನ್ನು ಬಿಟ್ಟರು. ಸಾಲಿಗ್ರಾಮದ ಒಂದು ಮದುವೆಯಲ್ಲಿ, ರೂಢಿಯ ಬಲದಿಂದ ಅವಳು ಕಂಬಕ್ಕೆ ಬೆನ್ನು ಕೊಟ್ಟು ನಿಂತಾಗ ಲಿಂಗಣ್ಣ ನಗುತ್ತ ಬಂದ.

"ಅಕ್ಕೋ, ಗಂಟ್ಲು ಯಾಕೆ ಹರ್ಕಂಡೀಯೆ? ನೀನು ಆಗ್ಲೇ ಹಾಡ್ತಾ ಇದ್ದೀಯಲ್ಲ, ಕೇಳಿಸ್ಕೊ. ಹೋಗು, ಎರಡನೇ ಪಂಕ್ತಿ ಕೂರ್ತಾ ಐತೆ."

ಅವಳು ಹೋಗಿ ಎರಡನೇ ಪಂಕ್ತಿಯಲ್ಲಿ ಕುಳಿತಳು. ತನ್ನ ದನಿ ಕೇಳುತ್ತ ತನ್ನ ಎಲೆಗೆ ಬಿದ್ದ ಪಾಯಸ ಉಂಡಳು. ಮದುವೆ ಮದುವೆಯಲ್ಲೂ ಹೆಣ್ಣು ಯಾರಾದರೇನು, ಮೈಕು ಕಳಿಸಿಕೊಡುತ್ತಿದ್ದದ್ದು ಪ್ರಮೀಳಾಳನ್ನು.

ಪ್ರಮೀಳಾ ಎಸ್ಸೆಸ್ಸೆಲ್ಸಿ ಮುಗಿಸಿ ಕೆ.ಆರ್. ನಗರದ ಬಟ್ಟೆ ಅಂಗಡಿ ಸೇರಿದಳು. ಹತ್ತೊಂಬತ್ತಕ್ಕೆ ಪಿರಿಯಾಪಟ್ಟಣದ ಕಡೆಯಿಂದ ಗಂಡು ಬಂತು. ಹೊಗೆಸೊಪ್ಪು ಬೇಯಿಸುವ ಸ್ವಂತ ಬ್ಯಾರನ್ನು ಇದ್ದ ಕುಳ. ಹುಡುಗಿ ಒಪ್ಪಿಗೆಯಾಗಿ ಉಪ್ಪಿಟ್ಟು ತಿನ್ನುವಾಗ ಗಂಡಿನ ಸೋದರತ್ತೆ ಹೆಸರು ಕೇಳಿ ತಟ್ಟೆ ಕೆಳಗಿಟ್ಟಳು.

"ಕ್ಯಾಸೆಟ್ನಾಗೆ ಬರ್ತಾಳಲ್ಲ ಪ್ರಮೀಳಾ, ಅವ್ಳೇ ಇವ್ಳಾ? ನಮ್ಮ ಮೂರು ಹುಡ್ಗರ ಮದ್ವೇಲೂ ಇವ್ಳನ್ನ ಒಪ್ಪಿಸಾಗೈತಲ್ಲವ್ವ. ಈಗ ನಾಲ್ಕನೇಯೋನಿಗೂ ಇವ್ಳೇನಾ?"

ಎಲ್ಲರೂ ನಕ್ಕರು. ನಕ್ಕು ಎದ್ದು ಹೋದರು. ಎರಡನೆಯ ಗಂಡಿನವರು ನಗಲೂ ಇಲ್ಲ.

ಆಮೇಲೆ ಮೊಬೈಲು ಬಂತು. ಫೋನು ಮಾಡಿದವನ ಕಿವಿಗೆ ಟ್ರಿಣ್ ಟ್ರಿಣ್ ಬದಲು ಹಾಡು ಕೇಳಿಸುವ ಚಾಳಿ ಬಂತು, ಕಾಲರ್ ಟ್ಯೂನು. ಎರಡು ಸಾವಿರದ ಎಂಟನೇ ಇಸವಿಯ ಹೊತ್ತಿಗೆ ವೀರಭದ್ರಸ್ವಾಮಿ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅರ್ಧ ನಿಮಿಷದ ತುಂಡುಗಳಾಗಿ ಕತ್ತರಿಸಿ ಫೋನು ಕಂಪನಿಗೆ ಕೊಟ್ಟಿದ್ದ. ಒಪ್ಪಿಸುವ ಪದದಲ್ಲಿ ಅವನು ಕತ್ತರಿಸಿದ್ದು ಸರಿಯಾಗಿ ಆ ಎರಡು ಸಾಲನ್ನೇ. ಪಡ್ಡೆಗಳಿಗೆ ಅದು ಎಲ್ಲಿಲ್ಲದ ತಮಾಷೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ರಿಂಗು ಮಾಡಿದರೂ ಪ್ರಮೀಳಾ ನಿಮ್ಮೋಳು. ಬಟ್ಟೆ ಅಂಗಡಿಯ ಯಜಮಾನನೇ ತನ್ನ ಫೋನಿಗೆ ಹಾಕಿಸಿಕೊಂಡ. ಅಂಗಡಿಯಲ್ಲಿ ಪ್ರಮೀಳಾಗೆ ಹೆಸರೇ ಹೋಯಿತು. "ಏ ನಿಮ್ಮೋಳು, ಆ ಚೂಡಿದಾರ್ ಪೀಸು ತೆಗಿ," ಎನ್ನುತ್ತಿದ್ದರು. ಅವಳು ತೆಗೆದುಕೊಡುತ್ತಿದ್ದಳು. ಮನೆಗೆ ಬಂದು ಅವ್ವನ ಜೊತೆ ಮಾತಾಡುತ್ತಿರಲಿಲ್ಲ.

ಮೂರನೆಯ ಗಂಡು ಎಚ್.ಡಿ. ಕೋಟೆಯ ಚೆಲುವರಾಜು. ವೈರಿಂಗ್ ಕೆಲಸದವನು, ಪ್ರಮೀಳಾಳನ್ನು ಅಂಗಡಿಯಲ್ಲೇ ನೋಡಿ ಮೆಚ್ಚಿದವನು. ಪ್ರಮೀಳಾ ವರ್ಷಗಳ ಮೇಲೆ ನಕ್ಕದ್ದು ಆಗ. ಚೆಲುವರಾಜುವಿನ ತಾಯಿ ಮಾತ್ರ ಒಂದೇ ಮಾತು ಇಟ್ಟಳು.

"ಹುಡ್ಗಿ ಚಿನ್ನದಂಗವ್ಳೆ, ಬೇಡ ಅನ್ನಾಕಿಲ್ಲ. ಆದ್ರೆ ನನ್ನ ಸೊಸೇನ ದಿನಾ ಕಂಡಕಂಡೋರಿಗೆ ಒಪ್ಪಿಸ್ತಾ ಇದ್ರೆ ನಾ ಕೇಳ್ಕಂಡಿರಾಕಾಯ್ತದಾ? ಕಾರ್ತೀಕದೊಳಗೆ ಫೋನಿಂದ ಆ ಹೆಸರು ತೆಗ್ಸಿ. ಮಾರನೇ ದಿನ ಲಗ್ನ ಕಟ್ಟಿಸ್ತೀನಿ."

ಪುಟ್ಟಸಿದ್ದಮ್ಮ ಮರಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋದಳು. ವೀರಭದ್ರಸ್ವಾಮಿಯ ಕಂಪನಿ ಈಗ ಎರಡು ಅಂತಸ್ತಾಗಿತ್ತು. ಅವನು ಕಾಫಿ ತರಿಸಿದ. ಮರ್ಯಾದೆಗೆ ಕೊರತೆ ಮಾಡಲಿಲ್ಲ.

"ಸ್ವಾಮಿ, ಆ ಪದ ಫೋನಿಂದ ತೆಗೆದುಬುಡಿ. ನನ್ನ ಮಗಳ ಮದ್ವೆ ನಿಂತದೆ."

"ನಿಮ್ಮ ಪದ ಎಲ್ಲಿದೆಯಮ್ಮ? ಅದು ಕಂಪನಿಯದು. ಕಾಗದ ತೋರಿಸ್ಲಾ?"

"ಕಾಗ್ದ ನನಗೇನು ಗೊತ್ತು. ಮೊರ ಕೊಟ್ರಿ, ಮುಟ್ದೆ."

"ಮುಟ್ಟಿದ್ರಲ್ಲ, ಮುಗೀತಲ್ಲ," ಎಂದ ವೀರಭದ್ರಸ್ವಾಮಿ.

ಮರಮ್ಮ ಸುಮ್ಮನಿರುವವಳಲ್ಲ. "ಒಬ್ಬೊಬ್ರು ಈ ಪದಕ್ಕೆ ಹದಿನೈದು ರುಪಾಯಿ ಕಟ್ತಾರಂತಲ್ಲ ಸ್ವಾಮಿ. ಹಾಡಿದೋಳಿಗೆ ಅದ್ರಾಗೆ ಎಷ್ಟು?"

ವೀರಭದ್ರಸ್ವಾಮಿ ಬೇಸರಿಸದೆ ಬಿಡಿಸಿ ಹೇಳಿದ. ಹದಿನೈದರಲ್ಲಿ ಹತ್ತೂವರೆ ಫೋನು ಕಂಪನಿಗೆ. ಒಂದೂವರೆ ನಡುವೆ ಹಾಡು ದಾಟಿಸುವ ಬೊಂಬಾಯಿಯವರಿಗೆ. ಮೂರು ತನಗೆ. ಹಾಡಿದವರ ಪಾಲು ಐನೂರಾ ಒಂದು, ಅದು ಹನ್ನೊಂದು ವರ್ಷದ ಹಿಂದೆಯೇ ಮುಟ್ಟಿದೆ. ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕಳ್ಳನಾದರೂ ಕತ್ತಲು ನೋಡಿ ಬರುತ್ತಾನೆ. ಕಾಗದ ಇದ್ದವನಿಗೆ ಆ ಕಷ್ಟವೂ ಇಲ್ಲ.

ಆಮೇಲೆ ಅವನೇ ಒಂದು ದಾರಿ ತೋರಿಸಿದ. ಈಗ ಹೆಸರಿನ ಟ್ಯೂನುಗಳ ಕಾಲ. ಅನು ಎಂಬ ಹುಡುಗಿಗೆ ಅನು ಎಂದೇ ಹಾಡಬೇಕು, ಸವಿತಾಗೆ ಸವಿತಾ ಎಂದೇ. ಕಂಪ್ಯೂಟರಿನಿಂದ ನೂರು ಹೆಣ್ಣು ಹೆಸರು ತೆಗೆಸಿದ್ದೇನೆ. ಅದೇ ಎರಡು ಸಾಲನ್ನು ನೂರು ಹೆಸರಿಗೂ ಹಾಡಿಕೊಡಿ. ಹೆಸರಿಗೆ ಹತ್ತು ರೂಪಾಯಿ, ಒಟ್ಟು ಸಾವಿರ. ಹಾಡಿಕೊಟ್ಟ ದಿನವೇ ಪ್ರಮೀಳಾ ಹೆಸರನ್ನು ಫೋನು ಕಂಪನಿಯ ಪಟ್ಟಿಯಿಂದ ಹೊಡೆದುಹಾಕಿಸುತ್ತೇನೆ.

ಮರಮ್ಮ ಎದ್ದು ನಿಂತಳು. "ಊರೋರ ಹೆಣ್ಮಕ್ಳ ಹೆಸರಿಗೆ ನಾನು ಸೊಲ್ಲು ಹಿಡಿಯಾಕಿಲ್ಲ. ನೀನೂ ಹಿಡೀಬ್ಯಾಡ. ನೂರು ಮನೆ ಶಾಪ ಕಣಕ್ಕ."

"ನಿನಗೇನು, ಗಂಡು ಹೆತ್ತೋಳು," ಎಂದಳು ಪುಟ್ಟಸಿದ್ದಮ್ಮ.

ಮೂವತ್ತು ವರ್ಷ ಒಟ್ಟಿಗೆ ಉಸಿರೆಳೆದ ಇಬ್ಬರು ಅಲ್ಲಿಗೆ ಬೇರೆಯಾದರು. ಮರಮ್ಮ ಒಬ್ಬಳೇ ಬಸ್ಸಿಗೆ ಹೋದಳು.

ಅವತ್ತು ಬೆಳಿಗ್ಗೆ ಹತ್ತಕ್ಕೆ ಗಾಜಿನ ಗೂಡು ಹೊಕ್ಕ ಪುಟ್ಟಸಿದ್ದಮ್ಮ ಹೊರಗೆ ಬಂದದ್ದು ಸಂಜೆ ಆರಕ್ಕೆ. ಅವಳಿಗೆ ಓದು ಬಾರದು. ರೆಕಾರ್ಡಿಂಗಿನವನು ಕಿವಿಯ ಡಬ್ಬಿಯೊಳಗೆ ಹೆಸರು ಹೇಳುತ್ತಿದ್ದ, ಅವಳು ಹಾಡುತ್ತಿದ್ದಳು. ಮೊದಮೊದಲು ಪ್ರತಿ ಹೆಸರಿಗೂ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳು. ಮೂವತ್ತು ದಾಟಿದ ಮೇಲೆ ಅದೂ ನಿಂತಿತು. ಎಪ್ಪತ್ತೆರಡನೆಯ ಹೆಸರು ಸ್ಪಂದನಾ. ಅಲ್ಲಿ ಅವಳು ತಡೆದಳು. ಪಕ್ಕದ ಮನೆಯ ಜಯಲಕ್ಷ್ಮಮ್ಮನ ಮಗಳು ಸ್ಪಂದನಾ. ಹುಟ್ಟಿದಾಗ ಎಣ್ಣೆ ನೀರು ಹಾಕಿದ್ದು ಇದೇ ಕೈ.

"ಇದೊಂದು ಬುಟ್ಬುಡಪ್ಪ."

"ಒಂದು ಬಿಟ್ರೂ ಸಾಹೇಬ್ರು ಒಪ್ಪಲ್ಲಮ್ಮ. ಲೆಕ್ಕ ನೂರು."

ಭೂಮಿಯ ಮೇಲೆ ಎಷ್ಟು ಜನ ಸ್ಪಂದನಾರಿಲ್ಲ ಎಂದು ಪುಟ್ಟಸಿದ್ದಮ್ಮ ತನಗೆ ತಾನೇ ಹೇಳಿಕೊಂಡು ಹಾಡಿದಳು. ನೂರನೆಯದು ಮುಗಿದಾಗ ಗಂಟಲಲ್ಲಿ ರಕ್ತದ ರುಚಿ ಇತ್ತು. ಈ ಸಲ ಮೊರವಿರಲಿಲ್ಲ. ಕವರಿನಲ್ಲಿ ಒಂಬೈನೂರಿತ್ತು, ತೆರಿಗೆ ಹಿಡಿದು. ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು.

ವೀರಭದ್ರಸ್ವಾಮಿ ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು. ಪ್ರಮೀಳಾ ಹೆಸರನ್ನು ಪಟ್ಟಿಯಿಂದ ತೆಗೆಸಿದ. ಹೊಸಬರು ಯಾರೂ ಅದನ್ನು ಹಾಕಿಸಿಕೊಳ್ಳುವಂತಿರಲಿಲ್ಲ. ಆದರೆ ಆಗಲೇ ಹಾಕಿಸಿಕೊಂಡವರ ಫೋನಿನಲ್ಲಿ ಅದು ಇದ್ದೇ ಇತ್ತು. ತಿಂಗಳು ತಿಂಗಳು ಅವರ ದುಡ್ಡು ಮುರಿದುಕೊಂಡು ತಾನಾಗಿ ಮುಂದುವರಿಯುತ್ತಿತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬುವ ಅಂಗಡಿಗಳಲ್ಲಿ ಪುಗಸಟ್ಟೆ ಸಿಗುತ್ತಿತ್ತು. ಕಾರ್ತೀಕದ ಮೂರನೇ ಸೋಮವಾರ ಚೆಲುವರಾಜುವಿನ ತಾಯಿ ಹುಣಸೂರಿನಲ್ಲಿರುವ ತನ್ನ ತಮ್ಮನಿಗೆ ಫೋನು ಮಾಡಿದಳು. ಅವನು ಎತ್ತುವುದು ತಡವಾಯಿತು. ಎತ್ತುವವರೆಗೂ ಪ್ರಮೀಳಾ ನಿಮ್ಮೋಳು, ಇನ್ನು ನಮ್ಮೋಳಲ್ಲ. ಸಂಜೆ ಚೆಲುವರಾಜು ಅಂಗಡಿಗೆ ಬಂದು, ಪ್ರಮೀಳಾಳ ಮುಖ ನೋಡದೆ, ಇನ್ನು ಬರುವುದಿಲ್ಲ ಎಂದು ಹೇಳಿ ಹೋದ.

ಪ್ರಮೀಳಾ ಮನೆಗೆ ಬಂದಳು. ಅವ್ವ ಕೇಳಲು ಬಾಯಿ ತೆರೆದಳು, ನೂರು ಹೆಸರು ಹಾಡಿ ಕೆಟ್ಟ ಗಂಟಲಿನಿಂದ ಬರೀ ಗಾಳಿ ಬಂತು.

"ಆವತ್ತು ಯಾವ್ಳದಾದ್ರೂ ಹೆಸರು ಹಾಕಬೌದಾಗಿತ್ತು," ಎಂದಳು ಪ್ರಮೀಳಾ. "ಈಗ ನೂರು ಜನದ್ದು ಹಾಕಿದ್ದೀಯಲ್ಲ, ಆವತ್ತು ಒಂದು ಹಾಕಿದ್ರೆ ನಾನು ಉಳ್ಕತಿದ್ದೆ."

ಸಂಕ್ರಾಂತಿಯ ಹೊತ್ತಿಗೆ ಹೊಸ ಟ್ಯೂನುಗಳು ಹೊರಬಿದ್ದವು. ಎಂಟು ದಿನ ಕಳೆದಿತ್ತೋ ಇಲ್ಲವೋ, ಮಟಮಟ ಮಧ್ಯಾಹ್ನ ಜಯಲಕ್ಷ್ಮಮ್ಮ ಹೊಸಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ಅವಳ ಸ್ಪಂದನಾ ಸಾಲಿಗ್ರಾಮದಲ್ಲಿ ಹತ್ತನೇ ಕ್ಲಾಸು.

"ಸ್ಕೂಲ್ನಾಗೆ ಹುಡ್ಗರು ಫೋನಿಟ್ಕಂಡು ಕೇಳಿಸ್ತಾವ್ರಂತೆ. ನನ್ನ ಕೂಸು ಎರಡು ದಿನದಿಂದ ಉಂಡಿಲ್ಲ. ನಿನ್ನ ದನೀನೇ ಅಲ್ವಾ ಅದು?"

ಪುಟ್ಟಸಿದ್ದಮ್ಮ ಹೌದೆಂದು ತಲೆಯಾಡಿಸಿದಳು.

"ನನ್ನ ಮಗಳ ಹೆಸರಿಗೆ ಎಷ್ಟು ಇಸ್ಕಂಡೆ?"

"ಹತ್ರುಪಾಯಿ."

ಜಯಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹತ್ತರ ನೋಟನ್ನು ಹೊಸಿಲ ಮೇಲಿಟ್ಟಳು. "ತಗಳವ್ವ. ನನ್ನ ಮಗಳ ಹೆಸರು ವಾಪಸ್ ಕೊಡು."

ಒಳಗಿನಿಂದ ಪ್ರಮೀಳಾ ನೋಡುತ್ತಿದ್ದಳು. ಪುಟ್ಟಸಿದ್ದಮ್ಮ ನೋಟನ್ನು ಮುಟ್ಟಲಿಲ್ಲ. ಸೀಳಿದ ದನಿಯಲ್ಲಿ, ವೀರಭದ್ರಸ್ವಾಮಿಯಷ್ಟೇ ಮರ್ಯಾದೆಯಿಂದ ಹೇಳಿದಳು.

"ನನ್ನ ಕೈಯಾಗೆ ಎಲ್ಲೈತವ್ವ? ಅದು ಕಂಪನೀದು."