ಒಲ್ಫಾ ಅಳಿಸಿದ ಗುರುತು

ನನ್ನ ದೊಡ್ಡಮ್ಮನ ಮಗಳು ಒಲ್ಫಾ ಫುರಾತಿ ಒಂದು ಕಾಲದಲ್ಲಿ ಜಗತ್ತಿನ ಇನ್ನೂರ ಮೂವತ್ತೊಂದನೆಯ ಟೆನಿಸ್ ಆಟಗಾರ್ತಿಯಾಗಿದ್ದಳು. ಈ ಸುದ್ದಿ ನಮ್ಮೂರು ಸ್ಫಾಕ್ಸ್‌ಗೆ ಬಂದ ದಿನ ನಮ್ಮ ಬೀದಿಯ ಕಾಫಿ ಅಂಗಡಿಯಲ್ಲಿ ಸಂಭ್ರಮಕ್ಕಿಂತ ವಿಚಾರಣೆಯೇ ಜಾಸ್ತಿ ನಡೆಯಿತು.

"ಹಾಗಾದ್ರೆ ಅವಳಿಗಿಂತ ಮುಂದಿರೋ ಅಷ್ಟೂ ಜನ ಯಾರಯ್ಯ?" ಎಂದು ಮೀನು ಮಾರುವ ಬಶೀರ್ ಕೇಳಿದ.

"ಯಾರಾದ್ರೇನು, ಅವರಲ್ಲಿ ಒಬ್ಬರೂ ನಮ್ಮೂರಿನವರಲ್ಲ," ಎಂದೆ ನಾನು.

ಬಶೀರನಿಗೆ ಅಷ್ಟರಿಂದ ಸಮಾಧಾನವಾಯಿತು. ಆದರೆ ನಮ್ಮೂರಿನವರ ದೃಷ್ಟಿಯಲ್ಲಿ ಎಣ್ಣೆ ಮಾರುವುದು ಕೆಲಸ, ಬಾದಾಮಿ ಮಾರುವುದು ಕೆಲಸ, ಸರ್ಕಾರಿ ಕಚೇರಿಯಲ್ಲಿ ನಿದ್ದೆ ಮಾಡುವುದೂ ಕೆಲಸ. ಚೆಂಡು ಹೊಡೆಯುವುದು ಮಾತ್ರ ಮದುವೆಯಾಗುವವರೆಗಿನ ಹುಡುಗಾಟ. ಮೂವತ್ಮೂರು ದಾಟಿದ ಮೇಲೂ ಅವಳು ಹುಡುಗಾಟ ಬಿಟ್ಟಿರಲಿಲ್ಲ ಎನ್ನುವುದೇ ಊರಿನ ದೂರು.

ಅವಳ ವೃತ್ತಿಜೀವನದಲ್ಲಿ ನನಗೂ ಒಂದು ಸ್ಥಾನವಿದೆ. ಅವಳು ಸೋಲಿಸಿದ ಮೊದಲ ಗಂಡಸು ನಾನೇ. ಅವಳಿಗೆ ಒಂಬತ್ತು, ನನಗೆ ಹನ್ನೊಂದು. ರೈಲು ಹಳಿಯ ಪಕ್ಕದ ನಮ್ಮ ಕ್ಲಬ್ಬಿನ ಕೆಂಪು ಮಣ್ಣಿನ ಅಂಗಣದಲ್ಲಿ, ಭೂಗೋಳದ ಮೇಷ್ಟರಾಗಿದ್ದ ಅವಳ ಅಪ್ಪ ನೋಡುತ್ತಾ ನಿಂತಿದ್ದಾಗ, ನಾನು ಒಂದೇ ಒಂದು ಗೇಮ್ ಗೆಲ್ಲಲಿಲ್ಲ. ನಾನು ಆಟ ಬಿಟ್ಟು ಓದಿ ಕನ್ನಡಕದ ಅಂಗಡಿ ಹಾಕಿದೆ. ಅವಳು ಆಟ ಬಿಡಲಿಲ್ಲ.

ಅಲ್ಲಿಂದ ಮುಂದಿನದನ್ನು ಪತ್ರಿಕೆಗಳು 'ಸಾಧನೆಯ ಹಾದಿ' ಎಂದು ಬರೆಯುತ್ತವೆ. ನಾನು ಕಂಡ ಹಾದಿಯಲ್ಲಿ ಸಾಧನೆಗಿಂತ ಬಸ್ ನಿಲ್ದಾಣಗಳೇ ಹೆಚ್ಚಿದ್ದವು. ಅಗಾದಿರ್, ಕೈರೋ, ಅಂತಾಲ್ಯಾ, ರುಮೇನಿಯಾದ ಹೆಸರು ನೆನಪಿಲ್ಲದ ಊರುಗಳು. ಕೋಚ್ ಇಲ್ಲ, ಜೊತೆಗಾರರಿಲ್ಲ. ತನ್ನ ಬಟ್ಟೆಯನ್ನು ತಾನೇ ಹೋಟೆಲಿನ ತೊಟ್ಟಿಯಲ್ಲಿ ಒಗೆದುಕೊಂಡು, ಬೆಳಿಗ್ಗೆ ಒದ್ದೆ ಸಾಕ್ಸ್ ಹಾಕಿಕೊಂಡು ಆಡುತ್ತಿದ್ದಳು. ಅವಳನ್ನು ಎದುರಾಳಿಗಳಿಗಿಂತ ಹೆಚ್ಚು ಸಲ ಸೋಲಿಸಿದ್ದು ವೀಸಾ ಕಿಟಕಿಯ ಹಿಂದೆ ಕೂತ ಹೆಂಗಸರು. ಒಂದು ಸಲ ವೀಸಾ ಬಂದಾಗ ಆ ಪಂದ್ಯಾವಳಿಯ ಬಹುಮಾನ ಹಂಚಿ ಎಲ್ಲರೂ ಮನೆಗೆ ಹೋಗಿಯಾಗಿತ್ತು. ಎಣ್ಣೆ ಗಾಣದ ಮನೆತನದ ಇಂಜಿನಿಯರ್ ಒಬ್ಬನ ಜೊತೆ ನಿಶ್ಚಿತಾರ್ಥವಾಗಿತ್ತು. ಅವನು "ನಾನೋ, ರ‍್ಯಾಕೆಟ್ಟೋ?" ಎಂದು ಕೇಳಿದ. ಹುಡುಗ ಒಳ್ಳೆಯವನೇ, ಪ್ರಶ್ನೆ ಕೇಳಿದ್ದೇ ತಪ್ಪಾಯಿತು.

ಆಮೇಲೆ ಬಲಭುಜ ಕೈಕೊಟ್ಟಿತು. ಡಾಕ್ಟರು ಸೂಜಿ ಚುಚ್ಚಿದರು, ಬೆಲ್ಟ್ ಕಟ್ಟಿದರು, ಕೊನೆಗೆ ಕೈ ಮೇಲೆತ್ತುವ ಕೆಲಸ ಬಿಟ್ಟು ಬೇರೆ ಏನಾದರೂ ಮಾಡಮ್ಮ ಎಂದರು. ಸರ್ವ್ ಮಾಡುವವಳಿಗೆ ಅದು ಬಾಯಿ ತೆರೆಯದೆ ಹಾಡು ಎಂದಂತೆ. ತಲೆ ಬಾಚಲೂ ಅವಳು ಎಡಗೈ ಬಳಸುತ್ತಿದ್ದಳು.

ಇಷ್ಟೆಲ್ಲ ಆದ ಮೇಲೂ ಅವಳು ನಿಲ್ಲಿಸದೆ ಇದ್ದುದಕ್ಕೆ ಕಾರಣ ಒಂದೇ. ಹದಿನಾರು ವರ್ಷ ದೇಶದ ಹೆಸರು ಬೆನ್ನಿಗೆ ಹಾಕಿಕೊಂಡು ಪರದೇಶಗಳಲ್ಲಿ ಆಡಿದ್ದಳು. ಸ್ವಂತ ದೇಶದಲ್ಲಿ, ಸ್ವಂತ ಜನರ ಮುಂದೆ ದೇಶದ ತಂಡಕ್ಕಾಗಿ ಒಮ್ಮೆಯೂ ಆಡಿರಲಿಲ್ಲ. ತಂಡದ ಪಂದ್ಯ ಇಲ್ಲಿದ್ದಾಗ ಅವಳಿಗೆ ಗಾಯ; ಅವಳು ಸರಿಯಿದ್ದಾಗ ಪಂದ್ಯ ಬೇರೆಲ್ಲೋ. ಆ ವರ್ಷ ಅರಬ್ ದೇಶಗಳ ಮಹಿಳಾ ತಂಡಗಳ ಪಂದ್ಯಾವಳಿ ನಮ್ಮ ರಾಜಧಾನಿ ಟ್ಯೂನಿಸ್‌ನ ದೊಡ್ಡ ಕ್ರೀಡಾಂಗಣದಲ್ಲೇ ಎಂದು ಗೊತ್ತಾದಾಗ ನನ್ನ ಅಂಗಡಿಗೆ ಬಂದು ಕೂತಳು.

"ಮೊಂಧೆರ್, ಒಂದೇ ಒಂದು ಸಲ ಕಣೋ. ಅಲ್ಲಿ ಜನ ನನ್ನ ಹೆಸರು ಕೂಗೋದನ್ನ ಕೇಳ್ಬೇಕು. ಆಮೇಲೆ ಭುಜ ಕಿತ್ತು ಕೈಗೆ ಬಂದ್ರೂ ಬರಲಿ."

"ಹೆಸರೇ ತಾನೆ? ನಾನು ಕೂಗ್ತೀನಿ ಬಿಡು."

"ನೀನು ಕೂಗಿದ್ರೆ ಸಾಲ ವಸೂಲಿಗೆ ಬಂದಹಾಗಿರತ್ತೆ," ಎಂದಳು.

ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ಇನ್ನೊಬ್ಬ ಆಕಾಂಕ್ಷಿ ರಾಜಧಾನಿಯ ಹತ್ತೊಂಬತ್ತರ ಹುಡುಗಿ ಸಿರೀನ್. ಇಬ್ಬರೂ ಒಂದು ಪಂದ್ಯ ಆಡಲಿ, ಗೆದ್ದವಳು ತಂಡಕ್ಕೆ ಎಂದು ಆಯ್ಕೆ ಸಮಿತಿಯ ನೂರಿಯವರು ತೀರ್ಮಾನ ಮಾಡಿದರು. ಹಿರಿಯಳೆಂಬ ಗೌರವಕ್ಕೆ ಪಂದ್ಯವನ್ನು ಅವಳ ಕ್ಲಬ್ಬಿನಲ್ಲೇ ಇಟ್ಟರು. ಈ ಗೌರವ ಒಂದು ಇಲ್ಲದಿದ್ದರೆ ಇವತ್ತು ನಾನು ಬೇರೆ ಕಥೆ ಬರೆಯುತ್ತಿದ್ದೆನೋ ಏನೋ.

ದಿನ ಗೊತ್ತು ಮಾಡಿದವರು ರಂಜಾನ್ ಹಬ್ಬದ ಗದ್ದಲ ಮುಗಿದಿರುತ್ತದೆ ಎಂದುಕೊಂಡಿದ್ದರು. ಚಂದ್ರನಿಗೆ ಆಯ್ಕೆ ಸಮಿತಿಯ ನಿರ್ಣಯ ತಲುಪಿರಲಿಲ್ಲ. ಅವನು ಒಂದು ದಿನ ತಡವಾಗಿ ಕಾಣಿಸಿಕೊಂಡ, ಪಂದ್ಯ ಹಬ್ಬದ ಎರಡನೆಯ ದಿನಕ್ಕೆ ಬಿತ್ತು. ಆ ದಿನ ಸ್ಫಾಕ್ಸ್‌ನಲ್ಲಿ ಯಾರೂ ತಮ್ಮ ಮನೆಯಲ್ಲಿರುವುದಿಲ್ಲ, ಎಲ್ಲರೂ ಇನ್ನೊಬ್ಬರ ಮನೆಯಲ್ಲಿರುತ್ತಾರೆ. ಅಂಪೈರ್ ಆಗಬೇಕಿದ್ದವನು ಹೆಂಡತಿಯ ತವರಿಗೆ ಹೋದವನು ಬರಲೇ ಇಲ್ಲ.

"ಪರವಾಗಿಲ್ಲ, ಲೈನುಗಳನ್ನ ನೀವೇ ನೋಡ್ಕೊಳ್ಳಿ. ಗುರುತು ಇರತ್ತಲ್ಲ," ಎಂದರು ನೂರಿಯವರು.

ಮಣ್ಣಿನ ಅಂಗಣದಲ್ಲಿ ಚೆಂಡು ಬಿದ್ದ ಕಡೆ ಸಣ್ಣ ಗುರುತು ಮೂಡುತ್ತದೆ. ಜಗಳ ಬಂದರೆ ಇಬ್ಬರೂ ಬಲೆಯ ಆಚೀಚೆಯಿಂದ ಬಂದು ಅದನ್ನು ನೋಡುತ್ತಾರೆ, ಅಲ್ಲಿಗೆ ಜಗಳ ಮುಗಿಯುತ್ತದೆ.

ಪಂದ್ಯ ಶುರುವಾಗುವ ಹೊತ್ತಿಗೆ ಯಾರೂ ನಿರೀಕ್ಷಿಸದ ಒಬ್ಬರು ಬಂದರು: ಬಹೀಜಾ ದೊಡ್ಡಮ್ಮ, ಒಲ್ಫಾಳ ತಾಯಿ. ಅವರು ಮಗಳ ಒಂದು ಆಟವನ್ನೂ ನೋಡಿದವರಲ್ಲ. ಆಟ ಇಷ್ಟವಿಲ್ಲ ಎಂದು ಊರು ತಿಳಿದಿತ್ತು. ನಿಜ ಅದಲ್ಲ. ತಾಯಿಯ ಕಣ್ಣು ಎಲ್ಲಕ್ಕಿಂತ ಬೇಗ ತಾಗುತ್ತದೆ, ಪ್ರೀತಿಯಿಂದ ನೋಡಿದರೂ ದೃಷ್ಟಿಯಾಗುತ್ತದೆ ಎಂಬ ಭಯ. ಅಂದು ಮನಸ್ಸು ತಡೆಯದೆ ಹಬ್ಬದ ಹೊಸ ಬಟ್ಟೆಯಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು ಬಂದಿದ್ದರು. ಡಬ್ಬಿಯಲ್ಲಿ ಒಣದ್ರಾಕ್ಷಿ, ಈರುಳ್ಳಿ ಬೇಯಿಸಿ ಅರೆದ ಶರ್ಮೂಲಾ, ಅದರ ಪಕ್ಕದಲ್ಲಿ ಉಪ್ಪುಮೀನು.

"ಎರಡು ತುತ್ತು ತಿಂದು ಆಡು ಮಗಳೇ. ಹಬ್ಬದ ದಿನ ಖಾಲಿ ಹೊಟ್ಟೇಲಿ ಇರ್ಬಾರ್ದು."

"ಅಮ್ಮಾ, ಈ ಮೀನು ತಿಂದ್ರೆ ಎರಡನೇ ಸೆಟ್ಟಿಗೆ ನಾನು ಸಮುದ್ರ ಕುಡೀಬೇಕಾಗತ್ತೆ."

"ಹಾಗಾದ್ರೆ ಮೊಂಧೆರ್ ತಿನ್ನಲಿ. ಅವನೇನು ಆಡ್ಬೇಕಾಗಿಲ್ವಲ್ಲ."

ಪಂದ್ಯದ ಉದ್ದಕ್ಕೂ ನಾನು ಬಾಯಾರಿ ಸತ್ತೆ.

ಮೊದಲ ಸೆಟ್ ಒಲ್ಫಾಳದ್ದು. ಹುಡುಗಿಗೆ ವೇಗವಿತ್ತು, ಇವಳಿಗೆ ಉಪಾಯವಿತ್ತು. ಚೆಂಡನ್ನು ಮೆಲ್ಲನೆ ಬಲೆಯ ಹತ್ತಿರ ಹಾಕಿ ಅವಳನ್ನು ಓಡಿಸುತ್ತಿದ್ದಳು. ಎರಡನೆಯದರಲ್ಲಿ ಭುಜ ಮಾತಾಡತೊಡಗಿತು. ಅವಳ ಸರ್ವ್ ಹಬ್ಬಕ್ಕೆ ಬಂದ ನೆಂಟರಂತೆ ನಿಧಾನವಾಗಿ ಹೋಗಿ ಆಚೆ ಇಳಿಯುತ್ತಿತ್ತು. ಆ ಸೆಟ್ ಸಿರೀನ್‌ಗೆ ಹೋಯಿತು. ದೊಡ್ಡಮ್ಮ ನನ್ನ ತೋಳು ಹಿಂಡಿ ಹಿಡಿದು ನೋಡುತ್ತಿದ್ದರು. ಮಧ್ಯೆ ಮಧ್ಯೆ ಕಣ್ಣು ಮುಚ್ಚಿ, ತಡೆಯಲಾರದೆ ಮತ್ತೆ ತೆರೆಯುತ್ತಿದ್ದರು.

ಮೂರನೆಯ ಸೆಟ್ಟಿನ ಕೊನೆಗೆ ಸಿರೀನ್ ಒಂದು ಗೇಮ್ ಮುಂದಿದ್ದಳು, ಗೆಲ್ಲಲು ಒಂದು ಪಾಯಿಂಟ್ ಬೇಕಿತ್ತು. ಇಬ್ಬರೂ ತುಂಬ ಹೊತ್ತು ಹೊಡೆದಾಡಿದರು. ಕೊನೆಗೆ ಸಿರೀನ್ ಜೋರಾಗಿ ಬೀಸಿದ ಚೆಂಡು ಒಲ್ಫಾಳ ಹಿಂದಿನ ಗೆರೆಯಾಚೆ ಬಿತ್ತು. ನಾಲ್ಕು ಬೆರಳಿನಷ್ಟು ಆಚೆ. ನನ್ನ ಹೊಟ್ಟೆಪಾಡೇ ಕಣ್ಣಿನ ಮೇಲಿರುವುದರಿಂದ ಇಷ್ಟರ ಮಟ್ಟಿಗೆ ನನ್ನ ಮಾತು ನಂಬಬಹುದು.

"ಔಟ್!" ಎಂದಳು ಒಲ್ಫಾ. ಎಂದವಳೇ ಬಲಗಾಲಿನ ಶೂನಿಂದ ಆ ಗುರುತನ್ನು ಸರಕ್ಕನೆ ಒರೆಸಿಬಿಟ್ಟಳು.

ಸಿರೀನ್ ಬಲೆಯ ಹತ್ತಿರ ಬಂದು, "ಗುರುತು ತೋರಿಸಿ ಅಕ್ಕ," ಎಂದಳು.

ಒಲ್ಫಾ ಕೆಳಗೆ ನೋಡಿದಳು. ತನ್ನ ಕಾಲನ್ನು ಬೇರೆಯವರ ಕಾಲೆಂಬಂತೆ ನೋಡಿದಳು.

ನಮ್ಮ ಕ್ಲಬ್ಬಿನಲ್ಲಿ ಅಂಗಣ ಎರಡೇ, ಮಕ್ಕಳು ಒಂದು ಹಿಂಡು. ಗುರುತು ನೋಡುತ್ತಾ ಕೂತರೆ ಸರದಿ ಮುಗಿದುಹೋಗುತ್ತಿತ್ತು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಚೆಂಡು ಬಿದ್ದ ಕಡೆಯವನು ಕೂಗಬೇಕು, ಕೂಗಿ ಕಾಲಿನಿಂದ ಅಳಿಸಬೇಕು, ಆಚೆಯವನು ಬಾಯಿ ಮುಚ್ಚಿಕೊಂಡು ನಂಬಬೇಕು. ಅಳಿಸದವನಿಗೆ ಏನೋ ಅನುಮಾನ ಇದೆ ಎಂದೇ ಅರ್ಥ. ಹೊರಗಿನ ಪ್ರಪಂಚದಲ್ಲಿ ನಿಯಮ ತದ್ವಿರುದ್ಧ: ನಿನ್ನ ಕಡೆಯ ಗುರುತನ್ನು ನೀನೇ ಅಳಿಸಿದರೆ ಚೆಂಡು ಒಳಗಿತ್ತೆಂದು ಒಪ್ಪಿದಂತೆ. ಹದಿನಾರು ವರ್ಷ ಪರದೇಶದ ಮಣ್ಣಿನಲ್ಲಿ ಅವಳು ಆ ಕಾಲನ್ನು ಅದುಮಿ ಹಿಡಿದಿದ್ದಳು. ತನ್ನ ಅಂಗಣದ ಮಣ್ಣು ತಗುಲಿದ ಕೂಡಲೇ ಕಾಲು ಒಂಬತ್ತು ವರ್ಷದ್ದಾಯಿತು.

"ಔಟೇ ರೀ! ನಾಲ್ಕು ಬೆರಳು ಆಚೆ!" ಎಂದು ನಾನು ಎದ್ದು ಕಿರುಚಿದೆ.

"ನೀವ್ಯಾರಪ್ಪ?" ಎಂದರು ಮಗಳ ಜೊತೆ ಬಂದಿದ್ದ ಸಿರೀನಳ ಅಪ್ಪ.

"ಕನ್ನಡಕದ ಅಂಗಡಿಯವನು."

"ಅವಳಿಗೇನಾಗ್ಬೇಕು?"

"ಚಿಕ್ಕಮ್ಮನ ಮಗ."

"ಹಾಗಾದ್ರೆ ಕೂತ್ಕೊಳ್ಳಿ."

ನೂರಿಯವರು ಬಂದು ಒರೆಸಿದ ಜಾಗವನ್ನು ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ, ಮುಖ ಸಣ್ಣಗಾಗಿತ್ತು. "ಒಲ್ಫಾ, ನೀನೇ ಅಳಿಸಿದೀಯಮ್ಮ. ನಾನೇನು ಮಾಡಲಿ?"

"ಏನೂ ಮಾಡ್ಬೇಡಿ," ಎಂದಳು ಅವಳು. ಹೋಗಿ ಸಿರೀನಳ ಕೈ ಕುಲುಕಿದಳು, ಎಡಗೈಯಿಂದ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ಅಪ್ಪನನ್ನು ನೋಡಿ ಮುಚ್ಚಿದಳು.

ನಾನು ಇಬ್ಬರನ್ನೂ ಕಾರಿನಲ್ಲಿ ಮನೆಗೆ ಕರೆತಂದೆ. ಹಬ್ಬದ ಎರಡನೆಯ ದಿನ ಸೋತವರಿಗೆ ಮೂಲೆಯಲ್ಲಿ ಕೂತು ಅಳುವ ಸೌಕರ್ಯ ನಮ್ಮೂರಿನಲ್ಲಿಲ್ಲ. ಮನೆಯಲ್ಲಿ ಆಗಲೇ ನೆಂಟರು ತುಂಬಿದ್ದರು. ಪ್ರತಿಯೊಬ್ಬರಿಗೂ ಬಕ್ಲಾವಾ ಸಿಹಿ ಕೊಡಬೇಕು, ಪ್ರತಿಯೊಬ್ಬರೂ "ಏನಾಯ್ತು, ಗೆದ್ಯಾ?" ಎಂದು ಕೇಳಬೇಕು. ಮೊದಲ ಕೆಲವರಿಗೆ ನಾನೇ ಗಾಳಿ ಜೋರಿತ್ತು, ಅಂಪೈರ್ ಬರಲಿಲ್ಲ ಎಂದೆಲ್ಲ ಹೇಳಿ ಸಾಗಹಾಕಿದೆ. ಆಮೇಲೆ ಹಮ್ಮಾದಿ ಮಾವ ಬಂದರು. ಕಿವಿ ಮಂದ, ಗಂಟಲು ಚುರುಕು.

"ಏನೇ, ಗೆದ್ಯಾ?"

"ಸೋತೆ ಮಾವ. ಇನ್ನು ಆಡಲ್ಲ."

"ಏನು?"

"ಇನ್ನು ಆಡಲ್ಲ ಅಂದೆ!"

"ಯಾರು ಆಡಲ್ಲ?"

"ನಾನು! ನಾನು ಇನ್ನು ಆಡಲ್ಲ!" ಎಂದು ಒಲ್ಫಾ ಕಿರುಚಿದಳು.

ಮಾವ ಬಕ್ಲಾವಾ ಅಗಿಯುವುದನ್ನು ನಿಲ್ಲಿಸಿದರು. ದೊಡ್ಡ ಆಟಗಾರರು ಪತ್ರಕರ್ತರನ್ನು ಕರೆದು, ನೀರು ಕುಡಿದು, ನಿವೃತ್ತಿ ಘೋಷಿಸುತ್ತಾರೆ. ನಮ್ಮವಳು ಕಿವುಡ ಮಾವನಿಗೆ ಘೋಷಿಸಿದಳು, ಅದೂ ಮೂರು ಸಲ.

ದೊಡ್ಡಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದರು. "ಯಾಕೆ ಆಡಲ್ಲ? ಆಡು ಮಗಳೇ. ಇನ್ನು ನಾನು ಬರಲ್ಲ. ಆಣೆ ಮಾಡ್ತೀನಿ, ಆ ಕಡೆ ತಲೆ ಹಾಕಲ್ಲ."

ಒಲ್ಫಾಳ ಮುಖ ಆಗ ಬಿಳುಚಿತು. ಸೋತಾಗಲೂ ಹಾಗಾಗಿರಲಿಲ್ಲ.

"ಅಮ್ಮಾ, ನಿನ್ನ ಕಣ್ಣಲ್ಲ. ನನ್ನ ಕಾಲು. ಚಿಕ್ಕಂದಿನ ಅಭ್ಯಾಸ, ಅಷ್ಟೇ. ಮೊಂಧೆರನ್ನ ಕೇಳು."

"ಹೌದು ದೊಡ್ಡಮ್ಮ, ನಾನೂ ಹಾಗೇ ಅಳಿಸ್ತಿದ್ದೆ."

"ನೀವಿಬ್ಬರೂ ನನ್ನ ಸಮಾಧಾನಕ್ಕೆ ಹೇಳ್ತಿದೀರ," ಎಂದರು ದೊಡ್ಡಮ್ಮ. "ಹದಿನಾರು ವರ್ಷ ಆಗದೇ ಇದ್ದದ್ದು ನಾನು ಬಂದ ದಿನಾನೇ ಆಯ್ತಾ?"

ಆ ವಾರವಿಡೀ ಒಲ್ಫಾ ಸಾರಿ ಸಾರಿ ಹೇಳಿದಳು. ನಿಜ ಹೇಳಿದಷ್ಟೂ ಅದು ತಾಯಿಯ ಮನಸ್ಸಿಗಾಗಿ ಹೆಣೆದ ಸುಳ್ಳಿನಂತೆಯೇ ಕೇಳಿಸುತ್ತಿತ್ತು.

ಪಂದ್ಯಾವಳಿ ಶುರುವಾದ ದಿನ ಅವರ ಮನೆಯಲ್ಲೇ ಟೀವಿ ನೋಡಿದೆವು. ನಾನು ಬೇಡವೆಂದೆ, ಅವಳೇ ಹಾಕಿದಳು. ಸಿರೀನ್ ಅಂಗಣಕ್ಕೆ ಬರುವುದು ಕಂಡ ಕೂಡಲೇ ದೊಡ್ಡಮ್ಮ ಎದ್ದರು.

"ಎಲ್ಲಿಗಮ್ಮ?"

"ಒಳಗೆ. ಆ ಹುಡುಗಿಗೂ ಒಬ್ಬ ತಾಯಿ ಇದ್ದಾಳೆ. ನನ್ನ ಕಣ್ಣು ಅವಳಿಗೂ ಬೇಡ. ನೀನು ಹೇಳ್ತಾ ಇರು, ನಾನು ಕೇಳ್ತೀನಿ."

ಹಾಗಾಗಿ ಒಲ್ಫಾ ಕೂಗಿ ಕೂಗಿ ಹೇಳುತ್ತಾ ಹೋದಳು: ಹದಿನೈದು-ಸೊನ್ನೆ ಅಮ್ಮಾ, ಮೂವತ್ತು-ಹದಿನೈದು ಅಮ್ಮಾ, ಚೆನ್ನಾಗಿ ಹೊಡೆದಳು ಅಮ್ಮಾ. ಸಿರೀನ್ ಸರ್ವ್ ಮಾಡಿದಾಗಲೆಲ್ಲ ಇವಳ ಕೆಟ್ಟ ಭುಜ ತಾನಾಗಿ ಒಂದಿಷ್ಟು ಮೇಲೇಳುತ್ತಿತ್ತು. ಮೊದಲ ಸೆಟ್ ಮುಗಿದು ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಹೆಂಗಸರು, ಮಕ್ಕಳು, ಬಾವುಟಗಳು. ಎಲ್ಲರೂ ಎದ್ದು ನಿಂತು ಒಂದು ಹೆಸರನ್ನು ಕೂಗುತ್ತಿದ್ದರು. ಒಲ್ಫಾ ಹೇಳುವುದನ್ನು ನಿಲ್ಲಿಸಿದಳು.

"ಎಷ್ಟಾಯ್ತೇ?" ಎಂದು ದೊಡ್ಡಮ್ಮ ಒಳಗಿಂದ ಕೇಳಿದರು.

"ಕ್ರೀಡಾಂಗಣ ತುಂಬಿದೆ ಅಮ್ಮ," ಎಂದಳು ಒಲ್ಫಾ. "ಒಂದು ಜಾಗವೂ ಖಾಲಿಯಿಲ್ಲ."