ಮೇಸ್ತ್ರಿ ಕೇಳಿದ ಇಪ್ಪತ್ತೊಂದನೇ ಕಂತು

ಕಳೆದ ವಾರ ಎಳ್ಳುಂಡೆಗೆಂದು ಬೆಲ್ಲದ ಪಾಕ ಇಟ್ಟು ಫೋನ್ ನೋಡುತ್ತಾ ನಿಂತೆ. ಪಾಕ ಸೀದು ಕಪ್ಪಾಗಿ ಬಾಣಲೆಗೆ ಹಿಡಿಯಿತು. ಕಿಟಕಿ ತೆಗೆದೆ, ಫ್ಯಾನ್ ಹಾಕಿದೆ, ವಾಸನೆ ಹೋಗಲಿಲ್ಲ. ಬೆಲ್ಲವೂ ಕಬ್ಬಿಣವೂ ಸೇರಿ ಸುಟ್ಟ ಆ ವಾಸನೆಯ ಜೊತೆ ಒಬ್ಬ ಮನುಷ್ಯ ನನ್ನ ಅಡುಗೆಮನೆಗೆ ಬಂದು ನಿಂತ ಹಾಗಾಯಿತು. ಬರಬಾರದಾಗಿತ್ತು. ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ.

ಭದ್ರಾವತಿಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ಪಂಪಿನ ಭಾಗಗಳನ್ನು ಮಾಡುವ ಒಂದು ಸಣ್ಣ ಫೌಂಡ್ರಿಯಲ್ಲಿ ಅವರ ಕೆಲಸ. ಅಲ್ಲಿ ಅಚ್ಚಿನ ಮರಳು ಗಟ್ಟಿಯಾಗಲೆಂದು ಅದಕ್ಕೆ ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಲಸುತ್ತಾರೆ. ಅದು ಸುಟ್ಟ ವಾಸನೆ ಅವರ ಅಂಗಿಗೆ, ಕೈಚೀಲಕ್ಕೆ, ಕನ್ನಡಕಕ್ಕೆ ಕಟ್ಟಿದ್ದ ದಾರಕ್ಕೂ ಅಂಟಿಕೊಂಡಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಪ್ರಯತ್ನ ಮಾಡುತ್ತೇನೆ, ಭರವಸೆ ಕೊಡಲಾರೆ.

ನಮ್ಮೂರ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ ನಾನು ಒಂದು ವೈಜ್ಞಾನಿಕ ಕಥಾಸರಣಿ ಬರೆಯುತ್ತಿದ್ದೆ. ಫೋನಿನಲ್ಲಿ ಕೇಳುವ ಸರಣಿ, ವಾರಕ್ಕೊಂದು ಕಂತು. ಭೂಮಿ ಬಿಟ್ಟು ಹೊರಟ ಒಂದು ಹಡಗು, ಅದರೊಳಗೆ ಮುನ್ನೂರು ಜನ, ಹೋಗಿ ಸೇರಲು ಎರಡು ತಲೆಮಾರು ಬೇಕು. ಬರೆಯುವವಳು ನಾನು, ಓದುವ ದನಿ ಬೇರೆಯವರದು. ಹೆಸರು ಮಾತ್ರ ಗಂಡಸಿನದು ಇಟ್ಟುಕೊಂಡಿದ್ದೆ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ಆಕಾಶದ ಕಥೆ ಬರೆಯುತ್ತಾಳೆಂದು ಸ್ಟಾಫ್ ರೂಮಿನಲ್ಲಿ ನಗೆಯಾಡುವುದು ನನಗೆ ಬೇಕಿರಲಿಲ್ಲ.

ಕೇಳುಗರು ಫೋನಿನಲ್ಲಿ ತಮ್ಮದೇ ಒಂದು ಗುಂಪು ಕಟ್ಟಿಕೊಂಡಿದ್ದರು. ಭದ್ರಾವತಿಯವರು ಪ್ರತಿ ತಿಂಗಳ ಎರಡನೇ ಭಾನುವಾರ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ಸರಣಿಯ ಬಗ್ಗೆ ಚರ್ಚೆ ಮಾಡುತ್ತಾರೆಂದು ತಿಳಿಯಿತು. ನಾನಿರುವ ಹೊಸಮನೆ ಬಡಾವಣೆಯಿಂದ ಹೊರಟು ಬಸ್ ಹಿಡಿದು ಹೋದೆ, ಬರಿಯ ಕೇಳುಗರಲ್ಲಿ ಒಬ್ಬಳಾಗಿ. ಹೊಗಳಿಕೆಯನ್ನು ಕಿವಿಯಾರೆ ಕೇಳುವ ಆಸೆ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಹನ್ನೆರಡು ಜನರಿದ್ದರು. ಮೊದಲ ಹತ್ತು ನಿಮಿಷ ಸ್ವರ್ಗ. ಕಾಲೇಜಿನ ಹುಡುಗಿಯೊಬ್ಬಳು ನಾಲ್ಕನೇ ಕಂತು ಕೇಳಿ ಅತ್ತಳಂತೆ. ಟೈಲರ್ ಎಲ್ಲರಿಗೂ ಟೀ ಕೊಟ್ಟರು. ಆಮೇಲೆ ಮೂಲೆಯಲ್ಲಿದ್ದ ಮೇಸ್ತ್ರಿ ಚೀಲದಿಂದ ಹಳೆಯ ಕ್ಯಾಲೆಂಡರ್ ಹಾಳೆ ತೆಗೆದು, ಹಿಂಬದಿಯಲ್ಲಿ ಬರೆದುಕೊಂಡಿದ್ದನ್ನು ಓದಿದರು.

"ನಾಲ್ಕನೇ ಕಂತಲ್ಲಿ ಕುಡಿಯಕ್ಕೆ ನೀರಿಲ್ದೆ ಮಗು ಸಾಯುತ್ತೆ. ಆರನೇ ಕಂತಲ್ಲಿ ಅದೇ ಹಡಗಲ್ಲಿ ಇಡ್ಲಿಗೆ ಅಕ್ಕಿ ನೆನೆ ಹಾಕ್ತಾರೆ. ನೀರು ಎಲ್ಲಿಂದ ಬಂತು? ರಿಜೆಕ್ಟ್."

ನನ್ನ ಕಿವಿ ಬಿಸಿಯಾಯಿತು. ಹಡಗಿನಲ್ಲಿ ಬಳಸಿದ ನೀರನ್ನೇ ಶುದ್ಧ ಮಾಡಿ ಮತ್ತೆ ಬಳಸುತ್ತಾರೆ, ಅದು ಕೇಳುವವರಿಗೆ ಅರ್ಥವಾಗಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹಂಗಾದ್ರೆ ಮಗು ಯಾಕೆ ಸತ್ತೋಯ್ತು ಮೇಡಂ?"

ಕೋಣೆ ಎರಡು ಪಾಲಾಯಿತು. ಅತ್ತಿದ್ದ ಹುಡುಗಿ ನನ್ನ ಕಡೆ. ನಿವೃತ್ತ ಗುಮಾಸ್ತರೊಬ್ಬರು ಮೇಸ್ತ್ರಿಯ ಕಡೆ. ನಮ್ಮನ್ನು ಅಳಿಸಲಿಕ್ಕೆಂದೇ ಬರೆದವನು ಮಗುವನ್ನು ಸಾಯಿಸಿದ್ದಾನೆ, ಇದು ಬರವಣಿಗೆಯಲ್ಲ, ಈರುಳ್ಳಿ ಹೆಚ್ಚುವ ಕೆಲಸ ಎಂದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಮೇಸ್ತ್ರಿ ಮಾತ್ರ ತಮ್ಮ ಪಾಲಿನ ಟೀ ಊದಿಕೊಂಡು ಕುಡಿದರು. ಕೊಳ್ಳಿ ಇಟ್ಟು ದೂರ ನಿಂತವರ ಹಾಗೆ ಕಂಡರು ನನಗೆ.

ಅವತ್ತೇ ಹೋಗುವುದು ಬಿಡಬೇಕಿತ್ತು. ಬಿಡಲಿಲ್ಲ. ಪ್ರತಿ ಸಲವೂ ಕ್ಯಾಲೆಂಡರ್ ಹಾಳೆ ಹೊರಗೆ ಬರುತ್ತಿತ್ತು. ಹಡಗಿನ ಗೋಡೆಯ ಬಿರುಕಿಗೆ ನನ್ನ ಎಂಜಿನಿಯರ್ ಕರಗಿದ ಲೋಹ ಹೊಯ್ದು, ಐದು ನಿಮಿಷಕ್ಕೆ ಅದರ ಮೇಲೆ ಕೈ ಇಟ್ಟು ಕಣ್ಣೀರು ಹಾಕುತ್ತಾನೆ. "ಬರೆದವನು ಒಂದ್ಸಲ ನಮ್ ಫೌಂಡ್ರಿಗೆ ಬಂದು ಕೈ ಇಟ್ಟು ನೋಡ್ಲಿ" ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇದ್ದರೆ ಗೊತ್ತಾಗಿಬಿಡುತ್ತದಲ್ಲ...

ಅವರ ಕೆಲಸವೇ ಅಂಥದ್ದೆಂದು ಟೈಲರ್ ಒಮ್ಮೆ ಹೇಳಿದರು. ಎರಕ ಹೊಯ್ದು ಆರಿದ ಮಾಲನ್ನು ಸಾಲಾಗಿ ಇಡುತ್ತಾರೆ. ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಒಳಗೆ ಬಿರುಕಿದ್ದರೆ ದನಿ ಬೇರೆ. ಅಂಥದ್ದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಕ್ರಾಸು. ಟೈಲರ್ ಹುಡುಗನಾಗಿದ್ದಾಗ ಅಲ್ಲೇ ದುಡಿದವರು, ಹೆಮ್ಮೆಯಿಂದ ಹೇಳಿದರು. ನನಗೆ ಆ ಸುತ್ತಿಗೆಯನ್ನು ಕಸಿದು ಭದ್ರಾ ಹೊಳೆಗೆ ಎಸೆಯಬೇಕೆನಿಸಿತು.

ಎಲ್ಲಕ್ಕಿಂತ ನೋಯಿಸಿದ್ದು ಇನ್ನೊಂದು ಮಾತು. "ಹಡಗಲ್ಲಿ ಅಡುಗೆಯವನೂ ಕ್ಯಾಪ್ಟನ್ನೂ ಒಂದೇ ತರ ಮಾತಾಡ್ತಾರೆ. ಎಲ್ಲಾರೂ ಲೆಕ್ಚರರ್ರು. ಮುನ್ನೂರು ಜನ ಅಂತಾನೆ, ಇರೋದು ಒಬ್ಬನೇ." ನೀರಿನ ತಪ್ಪಿಗೆ, ಲೋಹದ ತಪ್ಪಿಗೆ ಏನಾದರೂ ಸಬೂಬು ಹೇಳಬಹುದಿತ್ತು. ಇದಕ್ಕೆ ಇರಲಿಲ್ಲ. ಅದು ನಿಜವೆಂದು ಹೇಳಿದ ಕ್ಷಣವೇ ನನಗೆ ಗೊತ್ತಾಯಿತು, ಅದಕ್ಕೇ ದ್ವೇಷ ಹುಟ್ಟಿತು.

ನಾಚಿಕೆ ಬಿಟ್ಟು ಹೇಳುತ್ತೇನೆ. ನನಗೆ ಬೇಕಾಗಿದ್ದು ಆ ಒಬ್ಬ ಮನುಷ್ಯನ ಬಾಯಿಂದ ಒಂದೇ ಒಂದು "ಚೆನ್ನಾಗಿದೆ". ಹುಡುಗಿಯ ಕಣ್ಣೀರು, ಗುಂಪಿನ ಚಪ್ಪಾಳೆ ಎಲ್ಲ ಬಸ್ ಸ್ಟ್ಯಾಂಡ್ ತಲುಪುವುದರೊಳಗೆ ಮರೆತುಹೋಗುತ್ತಿದ್ದವು. ಮೇಸ್ತ್ರಿಯ "ರಿಜೆಕ್ಟ್" ಮಾತ್ರ ಹೊಸಮನೆಯವರೆಗೆ ಜೊತೆಯಲ್ಲಿ ಬರುತ್ತಿತ್ತು. ಅವರು ಹೇಳಲಿಲ್ಲ. ಹಾಗಾಗಿ ಸೇಡು ತೀರಿಸಿಕೊಳ್ಳಲು ಕೂತೆ.

ಇಪ್ಪತ್ತೊಂದನೇ ಕಂತಿನಲ್ಲಿ ಹಡಗಿಗೆ ಒಬ್ಬ ತಪಾಸಣೆಯವನನ್ನು ತಂದೆ. ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಸುತ್ತಿಗೆ. ಹಡಗಿನ ಗೋಡೆ ತಟ್ಟುತ್ತಾ ತಿರುಗುತ್ತಾನೆ. ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಜೀವ ತಿನ್ನುತ್ತಾನೆ. ಮೇಸ್ತ್ರಿ ಆಡಿದ್ದ ಮಾತುಗಳನ್ನು ಇದ್ದ ಹಾಗೇ ಅವನ ಬಾಯಿಗೆ ಹಾಕಿದೆ. ಅವರ "ಹಂಗಾದ್ರೆ", ಅವರ "ಸತ್ತೋಯ್ತು", ಮಾತಿನ ನಡುವೆ ಮೂಗು ಒರೆಸಿಕೊಳ್ಳುವುದು ಸಹಿತ. ಜನ ಬೇಸತ್ತು, ಅವನು ಹೊರಗಿನ ಗೋಡೆ ನೋಡಲು ಹೋದಾಗ ಬಾಗಿಲು ಹಾಕಿಬಿಡುತ್ತಾರೆ. ಅವನು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾನೆ. ಒಳಗಿರುವವರಿಗೆ ಗೋಡೆಯಲ್ಲಿ ಸದ್ದು ಕೇಳುತ್ತದೆ. ಯಾರೂ ಏಳುವುದಿಲ್ಲ. ಸದ್ದು ನಿಧಾನವಾಗುತ್ತದೆ, ನಿಲ್ಲುತ್ತದೆ. ಅದನ್ನು ಬರೆಯುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ... ಬೇಡ, ಆ ಖುಷಿಯನ್ನು ವರ್ಣಿಸುವುದು ಬೇಡ.

ಮುಂದಿನ ಭಾನುವಾರದ ಸಭೆಗೆ ಎಂದೂ ಬಾರದವರೂ ಬಂದಿದ್ದರು. ಆ ತಪಾಸಣೆಯವನು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ಜಗಳವನ್ನೆಲ್ಲ ಗುಂಪಿನಲ್ಲಿ ಯಾರೋ ಹಾಕುತ್ತಾರೆ, ಬರೆದವನು ಅದನ್ನು ಓದಿದ್ದಾನೆ ಎಂದು ಅವರು ತಿಳಿದರು. "ಏನ್ ಮಾರಾಯ್ರೇ, ನಿಮ್ಮನ್ನ ಹೊರಗೆ ಹಾಕಿ ಚಿಲಕ ಹಾಕಿಬಿಟ್ನಲ್ಲ" ಎಂದು ಗುಮಾಸ್ತರು ನಕ್ಕರು. ಅಷ್ಟು ದಿನ ಮೇಸ್ತ್ರಿಯ ಕಡೆಗಿದ್ದವರು ಅವರು. ಯಾರೋ ಕುರ್ಚಿಯ ಕೈ ತಟ್ಟಿ ಸದ್ದು ಮಾಡಿದರು. ಮೇಸ್ತ್ರಿ ಕ್ಯಾಲೆಂಡರ್ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಾನು ಕತ್ತು ಚಾಚಿ ನೋಡಿದೆ. ಹಾಳೆ ಖಾಲಿ ಇತ್ತು.

"ಮೇಸ್ತ್ರಿ, ಈ ಕಂತಿನ ಬಗ್ಗೆ ಏನೂ ಹೇಳಲ್ವಾ?" ಎಂದು ಟೈಲರ್ ಕೇಳಿದರು.

"ಏನೂ ಇಲ್ಲ" ಎಂದರು. ಹಾಳೆ ಮಡಿಸಿ ಚೀಲಕ್ಕೆ ಹಾಕಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು.

ಗೆದ್ದೆ ಎಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಬಂದೆ.

ಮುಂದಿನ ತಿಂಗಳು ಅವರು ಬರಲಿಲ್ಲ. ಆ ಬುಧವಾರ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಓಂ ಶಾಂತಿ. ಎದೆನೋವಂತೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದರಂತೆ. ನಾನೂ ಕೈಮುಗಿದ ಗುರುತೊಂದನ್ನು ಒತ್ತಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ತಡೆಯಲಾಗದೆ ಭದ್ರಾವತಿಗೆ ಹೋದೆ. ಟೈಲರ್ ರವಿಕೆಗೆ ಬಟ್ಟೆ ಕತ್ತರಿಸುತ್ತಿದ್ದರು. ಆ ದಿನ ಮೇಸ್ತ್ರಿ ನೊಂದುಕೊಂಡು ಹೋದರಾ ಎಂದು ಕೇಳಿದೆ.

"ಮನಸ್ಸಲ್ಲಿ ಏನಿತ್ತೋ ಗೊತ್ತಿಲ್ಲ ಮೇಡಂ. ಆದ್ರೆ ಏನೂ ಇಲ್ಲ ಅಂದ್ರಲ್ಲ, ಹಂಗಂದ್ರೆ ಪಾಸು ಅಂತ" ಎಂದರು ಟೈಲರ್. ನನಗೆ ಅರ್ಥವಾಗಲಿಲ್ಲ. ಅವರು ಕತ್ತರಿ ಕೆಳಗಿಟ್ಟರು. "ಫೌಂಡ್ರಿಯಲ್ಲಿ ಪಾಸಾದ ಮಾಲಿಗೆ ಗುರುತು ಹಾಕಲ್ಲ. ಕೆಟ್ಟಿದ್ದಕ್ಕೆ ಮಾತ್ರ ಕ್ರಾಸು. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಮನುಷ್ಯ. ಮನೇಲಿ ಸಾರು ಚೆನ್ನಾಗಿದೆ ಅಂದಿದ್ದು ಕೂಡ ನಾ ಕೇಳಿಲ್ಲ. ಸುಮ್ನೆ ಉಂಡು ಎದ್ರೆ ಪಾಸು."

ಮನೆಗೆ ಬಂದು ಒಂದೊಂದೇ ಕಂತನ್ನು ನೆನಪಿಸಿಕೊಂಡೆ. ಇಪ್ಪತ್ತೊಂದರಲ್ಲಿ ಅವರು ಬಾಯಿ ಹಾಕಿದ್ದು ಒಂಬತ್ತಕ್ಕೆ. ಉಳಿದವನ್ನು ಅವರು ಸರಿಯಾಗಿ ಕೇಳಿಯೇ ಇಲ್ಲವೆಂದುಕೊಂಡಿದ್ದೆ. ಹನ್ನೆರಡು ಸಲ ನನಗೆ ಬೇಕಾದದ್ದು ಸಿಕ್ಕಿತ್ತು, ನಾನು ಕೈಚಾಚಿ ಕೂತೇ ಇದ್ದೆ. ಆ ಹನ್ನೆರಡರಲ್ಲಿ ಕೊನೆಯದಂತೂ ಕಥೆಯಲ್ಲಿ ನಾನು ಅವರನ್ನು ಕೊಂದ ಇಪ್ಪತ್ತೊಂದನೇ ಕಂತು. ಹಡಗಿನಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ತನ್ನದೇ ಮಾತು ಆಡಿದ್ದ, ಅದು ಅವರಿಂದ ಕದ್ದ ಮಾತು. ಅದನ್ನು ಕೇಳಿ, ಎಲ್ಲರೂ ನಗುತ್ತಿರುವಾಗ, ಸರಿಯಿದೆ ಎಂದು ಒಪ್ಪಿ ಎದ್ದು ಹೋದರೋ... ಅಥವಾ ನೋವಿಗೆ ಮಾತೇ ಹೊರಡಲಿಲ್ಲವೋ... ಕೇಳೋಣವೆಂದರೆ ಈಗ ಯಾರನ್ನು ಕೇಳಲಿ? ಒಮ್ಮೊಮ್ಮೆ ಅಳು ಬರುತ್ತದೆ, ಮರುಕ್ಷಣವೇ ಸಿಟ್ಟು ಬರುತ್ತದೆ. ಬಾಯಿಬಿಟ್ಟು ಹೇಳಲು ಏನಾಗಿತ್ತು ಆ ಮನುಷ್ಯನಿಗೆ?

ಬರೆದವಳು ನಾನೇ ಎಂದು ಟೈಲರ್‌ಗೂ ಹೇಳಲಿಲ್ಲ, ಗುಂಪಿಗೂ ಹೇಳಲಿಲ್ಲ. ಭದ್ರಾವತಿಯವರು ಇದನ್ನು ಓದಿದರೆ ಇವತ್ತು ಗೊತ್ತಾಗಲಿ. ಬೈಯುವುದಿದ್ದರೆ ಬೈಯಲಿ.

ಈಗ ಎರಡನೇ ಸರಣಿ ಬರುತ್ತಿದೆ. ಕೇಳುಗರು ಹೆಚ್ಚಾಗಿದ್ದಾರೆ. ಟೈಲರ್ ಅಂಗಡಿಯ ಮೇಲಿನ ಸಭೆ ನಿಂತುಹೋಗಿದೆ, ಚರ್ಚೆ ಏನಿದ್ದರೂ ಫೋನಿನಲ್ಲೇ. ಈ ಸರಣಿಯ ಎರಡನೇ ಕಂತಿನಲ್ಲಿ ಒಬ್ಬನ ಬಲಗೈ ಕತ್ತರಿಸಿ ಹೋಗುತ್ತದೆ. ಐದನೇ ಕಂತಿನಲ್ಲಿ ಅವನೇ ಮಗಳ ಹಾಡು ಕೇಳಿ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟುತ್ತಾನೆ. ಬೇಕೆಂದೇ ಹಾಗೆ ಬರೆದು ಬಿಟ್ಟಿದ್ದೇನೆ. ಅದು ಬಂದು ಮೂರು ವಾರವಾಯಿತು. ಅಪ್ಪ ಮಗಳ ಆ ದೃಶ್ಯ ಬಹಳ ಚೆನ್ನಾಗಿದೆ ಎಂದು ದಿನಾ ಯಾರಾದರೊಬ್ಬರು ಬರೆಯುತ್ತಾರೆ. ಇನ್ನೊಂದು ಕೈ ಎಲ್ಲಿಂದ ಬಂತೆಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.