ಬೆಳ್ಳಿ ಬಣ್ಣ ಬಳಿದ ನನ್ನ ರೇಸ್ ಸೈಕಲ್

ಸೈಕಲ್ಲಿಗೆ ಬೆಳ್ಳಿ ಬಣ್ಣ ಬಳಿದಿದ್ದರು. ಗೇಟಿಗೆ, ಕಿಟಕಿಯ ಸರಳಿಗೆ ಬಳಿಯುತ್ತಾರಲ್ಲ, ಅದೇ ಬಣ್ಣ. ಭಂಕೂರಿನ ನನ್ನ ತವರುಮನೆಯ ಅಂಗಳದಲ್ಲಿ, ಆಯುಧ, ಗಾಡಿಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ, ತಮ್ಮನ ಟ್ರ್ಯಾಕ್ಟರಿನ ಪಕ್ಕದಲ್ಲಿ ಅದು ನಿಂತಿತ್ತು. ಮೈತುಂಬ ವಿಭೂತಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಅದು ನನ್ನ ಸೈಕಲ್ ಎಂದು ಮೊದಲಿಗೆ ನನಗೆ ಗುರುತೇ ಹತ್ತಲಿಲ್ಲ. ಹತ್ತಿದ ಮೇಲೆ ಮೈಯೆಲ್ಲ ಉರಿದುಹೋಯಿತು.

ಅದು ರೇಸ್ ಸೈಕಲ್. ಕಡುನೀಲಿ ಬಣ್ಣದ್ದು. ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ಹಿತ್ತಾಳೆ ಕರಗಿಸಿ ಬೆಸೆದು ಮಾಡಿದ ಫ್ರೇಮು, ಟಗರಿನ ಕೋಡಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ಫ್ರೇಮಿನ ಮೇಲೆಯೇ ಕೂತ ಎರಡು ಪುಟ್ಟ ಗೇರ್ ಕಡ್ಡಿಗಳು, ಪೆಡಲಿಗೆ ಪಾದ ಬಿಗಿಯುವ ಚರ್ಮದ ಪಟ್ಟಿ. ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳಬಹುದಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ವಿಜಾಪುರದ ಸವಾರನೊಬ್ಬ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ.

ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದವನು. ನೆಲಕ್ಕೆ ಹಾಸುವ ಪರಸಿ ಕಲ್ಲನ್ನು ಕೊಯ್ಯುವ ಮುಂಚೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಸೀಳಿದ್ದರೆ ಬದ್ ಎನ್ನುತ್ತದೆ. ಸೈಕಲ್ ಕೊಳ್ಳುವಾಗಲೂ ಅವನು ಮಾಡಿದ್ದು ಅದನ್ನೇ. ಜೇಬಿನಿಂದ ನಾಣ್ಯ ತೆಗೆದು ಒಂದೊಂದು ಕೊಳವೆಯನ್ನೂ ಬಡಿದು ನೋಡಿ, "ಮಾಲು ಸಾಫ್ ಅದ" ಎಂದಿದ್ದ. ಆ ಸೈಕಲ್ಲಿನ ಮೇಲೆ ನಾನು ವಾಡಿಗೆ ಹೋಗಿ ಬರುತ್ತಿದ್ದೆ, ಚಿತ್ತಾಪುರದ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳ ಧೂಳು ಕುಡಿಯುತ್ತಿದ್ದೆ, ನಾಲ್ಕಾರು ಪಂದ್ಯ ಗೆದ್ದೂ ಇದ್ದೆ. ಹೆಣ್ಣುಮಗಳು ಬಗ್ಗಿ ಕೂತು ಸೈಕಲ್ ತುಳಿಯುವುದನ್ನು ನೋಡಿ ಬಾಯಿಗೆ ಬಂದಂತೆ ಮಾತಾಡಿದವರಿಗೆ ಲೆಕ್ಕವಿಲ್ಲ.

ಮದುವೆಯ ದಿನ ಪಾತ್ರೆ, ಗಾದಿ, ಕಪಾಟು ಟೆಂಪೋ ಏರಿದ ಮೇಲೆ ಅಪ್ಪ ಸೈಕಲ್ಲನ್ನೂ ಏರಿಸಿದ. ನನ್ನ ಮಾವ ಅದನ್ನು ಕೆಳಗಿಳಿಸಿದರು. "ಸೊಸಿ ಸೈಕಲ್ ಮ್ಯಾಲ ಅಡ್ಡಾಡಿದ್ರ ಸೇಡಂ ಮಂದಿ ಏನಂದಾರು? ಇದು ಯಾತಕ್ಕ ಬೇಕ್ರಿ?" ಎಂದರು. ಕಲ್ಲು ಸೀಳುವ ನನ್ನ ಅಪ್ಪ ತುಟಿ ಪಿಟ್ಟೆನ್ನಲಿಲ್ಲ. ನಾನೂ ಸೆರಗು ಹೊದ್ದು ಸುಮ್ಮನೆ ಕೂತಿದ್ದೆ. ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೂ ಇದೆ.

ಆಮೇಲೆ ಮೂವತ್ತು ವರ್ಷ ಸೇಡಂನಲ್ಲೇ ಕಳೆದೆ. ಶಾಲೆಯಲ್ಲಿ ಮಕ್ಕಳಿಗೆ ಆಟೋಟ ಕಲಿಸುವ ಕೆಲಸ ಸಿಕ್ಕಿತು, ಮಾವ ತೀರಿಕೊಂಡರು, ಸೊಸೆಯ ಬಗ್ಗೆ ಮಾತಾಡಲು ಮಂದಿಗೆ ಪುರುಸೊತ್ತಿಲ್ಲದಂತಾಯಿತು. ಹೋದ ವರ್ಷ ನಾನೊಂದು ಹಟ ಹಿಡಿದೆ. ಟೆಂಪೋದಿಂದ ಇಳಿಸಿದ ಆ ಸೈಕಲ್ಲನ್ನು ಭಂಕೂರಿನಿಂದ ಸೇಡಂವರೆಗೆ ನಾನೇ ತುಳಿದುಕೊಂಡು ಈ ಮನೆಗೆ ತರಬೇಕು. ಆರು ತಿಂಗಳು ಬೆಳಗ್ಗೆ ಎದ್ದು ಶಾಲೆಯ ಜವಾನನ ಹಳೆಯ ಸೈಕಲ್ ತುಳಿದು ಕಾಲು ಗಟ್ಟಿ ಮಾಡಿಕೊಂಡೆ. ವಿಜಾಪುರದಿಂದ ಹೊಸ ಟೈರು, ಬ್ರೇಕಿನ ರಬ್ಬರು ತರಿಸಿದೆ. ದಸರೆಗೆ ಮುಂಚೆ ತಮ್ಮನಿಗೆ ಫೋನು ಮಾಡಿ, "ಸೈಕಲ್ ಒರಸಿ ಇಡು, ಪೂಜಿ ದಿನ ಬಂದು ಒಯ್ತೀನಿ" ಎಂದೆ.

ಒರೆಸಿಡು ಎಂದದ್ದಕ್ಕೆ ಅವನು ಮಾಡಿಟ್ಟದ್ದು ಇದು. ಪೂಜೆಗೆ ಇಡುವ ವಸ್ತುವಿಗೆ ಬಣ್ಣ ಬಳಿಯದಿದ್ದರೆ ನಮ್ಮವರ ಕೈ ತುರಿಸುತ್ತದೆ. ನೇಗಿಲಿಗೂ ಬಣ್ಣ, ಎತ್ತಿನ ಕೋಡಿಗೂ ಬಣ್ಣ. ಸರಿ, ಬಣ್ಣವನ್ನಾದರೂ ಕೆರೆದು ತೆಗೆಯಬಹುದಿತ್ತು. ಹ್ಯಾಂಡಲ್ಲನ್ನು ತಿರುವಿ ಕೋಡು ಮೇಲೆ ಮಾಡಿದ್ದ. ಗೇರ್ ಕಡ್ಡಿಗಳನ್ನು ಕಿತ್ತು ಗುಜರಿಗೆ ಹಾಕಿದ್ದ. ಹಿಂದೆ ಕ್ಯಾರಿಯರ್, ಮುಂದೆ ಬುಟ್ಟಿ. ಎಲ್ಲಕ್ಕಿಂತ ಹೆಚ್ಚಾಗಿ, ಪೆಡಲಿನ ಹಿಂದಿನ ಕೊಳವೆಗಳಿಗೆ ಒಂದು ದಪ್ಪ ಸ್ಟ್ಯಾಂಡನ್ನು ವೆಲ್ಡಿಂಗ್ ಮಾಡಿಸಿದ್ದ.

"ಏನೋ ಇದು?" ಎಂದೆ.

"ನಿನಗ ಖುಷಿ ಆಗ್ಲಿ ಅಂತ ಮಾಡ್ಸೀನಿ ಅಕ್ಕ. ವಯಸ್ಸಾಗ್ಯದ, ಬೆನ್ನು ಬಗ್ಗಸಬಾರದಂತ ಹ್ಯಾಂಡಲ್ ಮ್ಯಾಲ ಮಾಡ್ಸೀನಿ. ಸ್ಟ್ಯಾಂಡೇ ಇದ್ದಿಲ್ಲ ಇದಕ್ಕ, ಪಾಪ."

"ನನ್ನ ಸೈಕಲ್ಲಿಗೆ ಕೈ ಹಚ್ಚೋ ಮುಂದ ನನಗ ಒಂದು ಮಾತು ಕೇಳಬಾರದಾಗಿತ್ತಾ?"

ಅವನಿಗೆ ನಿಜವಾಗಿಯೂ ಅಚ್ಚರಿಯಾಯಿತು. "ಕೇಳೋದೇನದ? ನೀ ಲಗ್ನ ಆಗಿ ಹೋಗಾಗ ಒಯ್ದಿಲ್ಲಲ್ಲ. ಮನ್ಯಾಗಿಂದು ಮನೀದೇ ಆಯ್ತಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಬಿಟ್ಟು ಹೋದಳಂತೆ! ಟೆಂಪೋದಿಂದ ಇಳಿಸಿದಾಗ ಇವನೇ ಪಕ್ಕದಲ್ಲಿ ನಿಂತು ಹಿಡಿದುಕೊಂಡಿದ್ದ. ನಾನು ಪರ್ಸಿನಿಂದ ನಾಣ್ಯ ತೆಗೆದು ಮೇಲಿನ ಕೊಳವೆಗೆ ಬಡಿದೆ. ಠಣ್ ಎಂದಿತು. ಸ್ಟ್ಯಾಂಡಿನ ಹತ್ತಿರ ಬಡಿದೆ. ಬದ್ ಎಂದಿತು. ಇನ್ನೊಂದು ಕಡೆಯೂ ಬದ್. ಅಂಗಳದಲ್ಲಿ ಎಲ್ಲರೆದುರು ಕಣ್ಣೀರು ಬಂತು, ನಾನು ಒರೆಸಿಕೊಳ್ಳಲೂ ಇಲ್ಲ.

ಹೋಳಿಗೆಯ ಊಟ ಬಿಟ್ಟು, ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ವಾಡಿಗೆ ಹೋದೆ. ಆ ಕಾಲದಲ್ಲಿ ನನ್ನ ಸೈಕಲ್ಲಿನ ಗಾಲಿ ನೆಟ್ಟಗೆ ಮಾಡಿಕೊಡುತ್ತಿದ್ದ ಚಾಚಾ ಅಲ್ಲಿದ್ದಾರೆ. ಈಗ ಅಂಗಡಿಯಲ್ಲಿ ಮೋಟರ್‌ಸೈಕಲ್ ಪಂಕ್ಚರ್ ತೆಗೆಯುತ್ತಾರೆ. ಅವರು ಕನ್ನಡಕ ಏರಿಸಿ ಬೆಸುಗೆಯ ಮೇಲೆ ಉಗುರು ಆಡಿಸಿದರು.

"ಯಾವ ಹರಾಮ್‌ಖೋರ್ ಮಾಡ್ಯಾನ ಬೇಟಿ ಇದು? ಇದು ಪೈಪಲ್ಲ, ಕಾಗದ ಇದ್ದಂಗ ಅದ. ಕರೆಂಟ್ ವೆಲ್ಡಿಂಗ್‌ಗ ಸುಟ್ಟು ಹೋಗ್ಯದ. ನೋಡು, ಸೀಳಲಿಕತ್ತದ."

"ಸೇಡಂ ತನಕ, ಒಂದೇ ಸಲ, ಮೆಲ್ಲಕ ಹೋದ್ರ?"

"ಇಳಿಜಾರಿನ್ಯಾಗ ಮುರದ್ರ ಹಲ್ಲು ಉಳಿಯಂಗಿಲ್ಲ. ಬ್ಯಾಡ."

ಹೊಸ ಟೈರುಗಳು ನನ್ನ ಚೀಲದಲ್ಲೇ ಇದ್ದವು. ಸೈಕಲ್ಲು ಗೂಡ್ಸ್ ಆಟೋದಲ್ಲೇ, ಟೆಂಪೋದಲ್ಲಿ ಬರಬೇಕಿದ್ದ ಹಾಗೆ, ಮೂವತ್ತು ವರ್ಷ ತಡವಾಗಿ ಸೇಡಂಗೆ ಬಂತು.

ಮರುದಿನ ದಸರೆ. ಸಂಜೆ ತಮ್ಮ ಬನ್ನಿ ಎಲೆ ಹಿಡಿದು ಮನೆಗೆ ಬಂದ. ಬನ್ನಿ ಕೊಟ್ಟು ಕಾಲಿಗೆರಗಿದರೆ ಹಳೆಯ ಜಗಳ ಮರೆಯಬೇಕು, ಅದು ನಮ್ಮ ಕಡೆಯ ರೂಢಿ. ನಾನು ಬನ್ನಿ ತೆಗೆದುಕೊಂಡೆ. ತಿರುಗಿ ಅವನ ಕೈಗೆ ಬನ್ನಿಯ ಬದಲು ಉಪ್ಪುಕಾಗದದ ಹಾಳೆ ಇಟ್ಟೆ. ಅವನು ಕಟ್ಟೆಯ ಮೇಲೆ ಕೂತು ಬಣ್ಣ ಉಜ್ಜತೊಡಗಿದ. ಬೆಳ್ಳಿ ಪುಡಿ ಅವನ ಹೊಸ ಅಂಗಿಯ ತುಂಬ ಉದುರಿತು. ಒಂದು ಗೇಣು ನೀಲಿ ಕಾಣಿಸಿದಾಗ ಅವನ ಕೈ ನಿಂತಿತು. "ತಪ್ಪಾಯ್ತು ಅಕ್ಕ" ಎಂದ. ಹೌದು, ತಪ್ಪಾಯಿತು. ನಾನು ಇನ್ನೊಂದು ಹಾಳೆ ಕೊಟ್ಟೆ.

ಸೈಕಲ್ಲನ್ನು ಪಡಸಾಲೆಯ ಗೋಡೆಗೆ, ಮಾವನ ಫೋಟೋದ ಕೆಳಗೆ ಆನಿಸಿ ನಿಲ್ಲಿಸಿದ್ದೇನೆ. ನನ್ನ ಗಂಡ ಎರಡು ದಿನ ಅದನ್ನು ಸುತ್ತಿಕೊಂಡು ಓಡಾಡಿ, ಮೂರನೆಯ ದಿನ ಬಾಯಿ ಬಿಟ್ಟರು. "ಓಡದ ಸೈಕಲ್ ಮನ್ಯಾಗ ಯಾತಕ್ಕ ಬೇಕು?"

"ಓಡ್ತಿದ್ದಾಗನೂ ನಿಮ್ಮಪ್ಪ ಇದೇ ಕೇಳಿದ್ರು" ಎಂದೆ.